ಏಟಿನ ಸದ್ದು

"ಈ ಊರಿನ ನಾಟಕದ ಹೆಂಗಸರಲ್ಲಿ ನನ್ನ ಕೈಯಿಂದ ಏಟು ತಿನ್ನದವಳು ಒಬ್ಬಳಿದ್ರೆ ತೋರಿಸಿ," ಎಂದು ಅಜ್ಜಿ ಟಿಕೆಟ್ ಕಿಟಕಿಯ ಸಾಲಿಗೆಲ್ಲ ಕೇಳುವ ಹಾಗೆ ಹೇಳಿದಳು. "ರಾಣಿಯರಿಗೆ ಹೊಡೆದಿದ್ದೀನಿ, ಸಾಹುಕಾರರ ಸೊಸೆಯರಿಗೆ ಹೊಡೆದಿದ್ದೀನಿ. ಒಬ್ಬಳ ಕೆನ್ನೆನಾದ್ರೂ ಕೆಂಪಾಗಿದ್ರೆ ಕೇಳಿ."

ಸಾಲಿನಲ್ಲಿ ಮುಂದೆ ನಿಂತಿದ್ದ ಸಾಧು ಮುಖದ ಗಂಡಸೊಬ್ಬ ತನ್ನ ಹೆಂಡತಿಯನ್ನು ಮೆಲ್ಲಗೆ ಆಚೆ ಪಕ್ಕಕ್ಕೆ ಎಳೆದುಕೊಂಡ. ಅಜ್ಜಿಗೆ ಪಾಪ ಅನ್ನಿಸಿತು. "ಹೆದರಬೇಡಿ ಸ್ವಾಮಿ, ಇದರಲ್ಲಿ ಅರ್ಧ ಸುಳ್ಳು," ಎಂದಳು. ಯಾವ ಅರ್ಧ ಎಂದು ಮಾತ್ರ ಹೇಳಲಿಲ್ಲ.

ಪಕ್ಕದಲ್ಲಿದ್ದ ಮೊಮ್ಮಗಳು ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಆ ಕೆಲಸ ಸಿಕ್ಕ ಮೇಲೆ ಅಪ್ಪ ಅಮ್ಮನ ಮನೆ ಬಿಟ್ಟು ಅಜ್ಜಿಯ ಜೊತೆ, ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇರುತ್ತಿದ್ದಳು. ಗಂಡ ತೀರಿಹೋದ ಮೇಲೆ ಅಜ್ಜಿ ಆ ಕೋಣೆಗಳಲ್ಲಿ ಗೋಡೆಗೆ ಕಥೆ ಹೇಳಿ ಹೇಳಿ ಗೋಡೆಯ ಸುಣ್ಣವೇ ಬೇಸರದಿಂದ ಉದುರತೊಡಗಿತ್ತು. ಈಗ ಕಿವಿಯಿರುವ ಒಂದು ಜೀವ ಬಂದಿತ್ತು. ದಿನಾ ಊಟಕ್ಕೆ ಕೂತ ಕೂಡಲೇ ಮೊಮ್ಮಗಳು, "ಇವತ್ತೇನಾಯ್ತು ಅಜ್ಜಿ?" ಎನ್ನುತ್ತಿದ್ದಳು. ಅಷ್ಟು ಕೇಳಿದರೆ ಸಾಕು, ತಟ್ಟೆಯಲ್ಲಿದ್ದದ್ದು ಆರಿ ತಣ್ಣಗಾದರೂ ಅಜ್ಜಿಯ ಮಾತು ಆರುತ್ತಿರಲಿಲ್ಲ. ಆ ಒಂದು ಪ್ರಶ್ನೆಗಾಗಿ ಅಜ್ಜಿ ಬೆಳಗಿನಿಂದ ಕಾಯುತ್ತಿದ್ದಳು ಎಂದರೆ ಅದರಲ್ಲಿ ಅರ್ಧವೂ ಸುಳ್ಳಿಲ್ಲ.

ಶನಿವಾರ, ಭಾನುವಾರ ಮಧ್ಯಾಹ್ನ ಆಟ. ಕನ್ನಡಕದ ಅಂಗಡಿಗೆ ಜನ ಮುಗಿಬೀಳುವುದೂ ಆ ಎರಡು ದಿನವೇ. ಹಾಗಾಗಿ ಅಜ್ಜಿಯ ಕೈಚಳಕವನ್ನು ಮೊಮ್ಮಗಳು ಕೇಳಿದ್ದೇ ಹೊರತು ಕಂಡಿರಲಿಲ್ಲ. ಈ ಶನಿವಾರ ಹೇಗೋ ರಜೆ ಸಿಕ್ಕಿತ್ತು. ಅಜ್ಜಿ ಬೆಳಗ್ಗೆಯೇ ಎದ್ದು ಇಸ್ತ್ರಿಯವನ ಹತ್ತಿರ ತನ್ನ ಸೀರೆಗೆ ಇಸ್ತ್ರಿ ಮಾಡಿಸಿಕೊಂಡಿದ್ದಳು. ಪರದೆಯ ಹಿಂದೆ ಕತ್ತಲಲ್ಲಿ ಕೂರುವವಳ ಸೀರೆಯನ್ನು ಯಾರು ನೋಡುತ್ತಾರೆ ಎಂದು ಅವನು ಕೇಳಿದ್ದಕ್ಕೆ, ಸದ್ದಿಗೂ ಮರ್ಯಾದೆ ಇರುತ್ತೆ ಕಣಯ್ಯ ಎಂದಿದ್ದಳು.

ರಂಗಮಂದಿರದಲ್ಲಿ ಅವಳ ಹೆಸರು ಸದ್ದಿನಜ್ಜಿ. ನಾಟಕದಲ್ಲಿ ಗುಡುಗಿದರೆ ತಗಡಿನ ಹಾಳೆ ಹಿಡಿದು ಅಲ್ಲಾಡಿಸಿದವಳು ಅವಳು. ಮಳೆ ಬಂದರೆ ಅಗಲ ತಟ್ಟೆಯಲ್ಲಿ ಒಣ ಬಟಾಣಿ ಉರುಳಿಸಿದವಳು ಅವಳು. ರಾಜನ ಕುದುರೆ ಓಡಿ ಬಂದದ್ದೂ ಅವಳ ಎರಡು ಅಂಗೈಯ ಕೆಳಗಿನ ತೆಂಗಿನ ಕರಟಗಳಲ್ಲೇ. ಗಂಡ ಅಲ್ಲೇ ಬಡಗಿಯಾಗಿದ್ದ. ಅವನು ಕಟ್ಟಿದ ಅರಮನೆಗಳಿಗೆ ಹಿಂದಿನ ಗೋಡೆಯೇ ಇರುತ್ತಿರಲಿಲ್ಲ, ಆದರೂ ಅವುಗಳಲ್ಲಿ ರಾಜರು ಸುಖವಾಗಿ ಬಾಳಿದರು ಎಂದು ಅಜ್ಜಿ ಹೇಳುತ್ತಿದ್ದಳು. ಅವನು ಹೋದ ಮೇಲೂ ಅವಳು ಪಕ್ಕದ ಪರದೆಯ ಮರೆಯಲ್ಲಿ ತನ್ನ ಸ್ಟೂಲು ಬಿಟ್ಟಿರಲಿಲ್ಲ. ಆದರೆ ಹೋದ ವರ್ಷ ಮ್ಯಾನೇಜರು ಒಂದು ಸದ್ದಿನ ಪೆಟ್ಟಿಗೆ ತಂದಿದ್ದ. ಗುಂಡಿ ಒತ್ತಿದರೆ ಗುಡುಗು, ಇನ್ನೊಂದು ಒತ್ತಿದರೆ ಮಳೆ, ಮತ್ತೊಂದು ಒತ್ತಿದರೆ ಕುದುರೆ. ತಗಡು ಗೋಡೆಗೆ ಒರಗಿತು. ಬಟಾಣಿ ಇಲಿಗಳ ಪಾಲಾಯಿತು. ಅಜ್ಜಿಗೆ ಉಳಿದದ್ದು ಒಂದೇ ಸದ್ದು.

ಅದು ಏಟಿನ ಸದ್ದು. ರಂಗದ ಮೇಲೆ ಗಂಡಸಿನ ಕೈ ಬೀಸುತ್ತದೆ, ಕೆನ್ನೆಯ ತನಕ ಬರುವುದಿಲ್ಲ. ನಟಿ ಮುಖ ಆ ಕಡೆ ತಿರುಗಿಸುತ್ತಾಳೆ. ಸರಿಯಾಗಿ ಅದೇ ಕ್ಷಣಕ್ಕೆ ಮರೆಯಲ್ಲಿ ಕೂತವಳು ಕೀಲು ಹಾಕಿ ಜೋಡಿಸಿದ ಎರಡು ಮರದ ಪಟ್ಟಿಗಳನ್ನು ಫಟ್ಟೆಂದು ಮುಚ್ಚಬೇಕು. ನಟನ ಕೈ ಒಂದು ದಿನ ಬೇಗ ಬೀಸುತ್ತದೆ, ಒಂದು ದಿನ ತಡ. ಆ ಕ್ಷಣಕ್ಕೆ ಸರಿಯಾಗಿ ಪೆಟ್ಟಿಗೆಯ ಗುಂಡಿ ಒತ್ತಲು ಇನ್ನೊಬ್ಬನಿಗೆ ಅಭ್ಯಾಸ ಮಾಡಿಸುವ ಬದಲು, ಕೈ ಆಡುವವರೆಗೆ ಇದು ನಿಮ್ಮದೇ ಇರಲಿ ಎಂದು ಮ್ಯಾನೇಜರು ಅಜ್ಜಿಗೆ ಬಿಟ್ಟಿದ್ದ. ಒಳ್ಳೆಯವನು. ಪೆಟ್ಟಿಗೆ ಮಾತ್ರ ಅಲ್ಲೇ ಮೂಲೆಯಲ್ಲಿ ಕೆಂಪು ದೀಪ ಮಿಟುಕಿಸುತ್ತ, ಸ್ಟೂಲು ಯಾವಾಗ ಖಾಲಿಯಾದೀತು ಎಂದು ಕಾಯುವವರ ಹಾಗೆ ಕೂತಿರುತ್ತಿತ್ತು.

ಅಂದಿನ ನಾಟಕ ಹಳೆಯದು. ಎಷ್ಟು ಹಳೆಯದೆಂದರೆ, ಅದನ್ನು ಬರೆದ ಮಹಾಶಯನ ಮೂಗು ರಂಗಮಂದಿರದ ಮುಂದಿನ ಕಲ್ಲಿನ ಪ್ರತಿಮೆಯಲ್ಲಿ ಮಳೆಗೆ ಕರಗಿ ಮಾಯವಾಗಿತ್ತು. ಶಾಲೆಯ ಪುಸ್ತಕದಲ್ಲೂ ಅದರ ತುಣುಕಿತ್ತು. ಕುರ್ಚಿ ತುಂಬಬೇಕು ಅಂದಾಗಲೆಲ್ಲ ಅದನ್ನೇ ಆಡುತ್ತಿದ್ದರು. ಒಬ್ಬ ನ್ಯಾಯಾಧೀಶ, ಅವನಿಗೆ ಬಾಯಿ ಜೋರಿನ ಒಬ್ಬ ಹೆಂಡತಿ, ಕೊನೆಗೆ ತುಂಬಿದ ಸಭೆಯಲ್ಲಿ ಒಂದು ಏಟು, ಜನ ಬಿದ್ದು ಬಿದ್ದು ನಗುವುದು, ಪರದೆ. ಅಜ್ಜಿಗೆ ತಿಳಿದಿದ್ದ ನಾಟಕ ಇಷ್ಟು.

ಆ ಶನಿವಾರದ ಏಟು ಅಜ್ಜಿಯ ಜನ್ಮದಲ್ಲೇ ಒಳ್ಳೆಯ ಏಟು. ನ್ಯಾಯಾಧೀಶನ ಮೊಣಕೈ ಕಿವಿಯ ಮಟ್ಟಕ್ಕೆ ಬಂದಾಗ ಅವಳು ಉಸಿರು ಹಿಡಿದಳು, ನಟಿಯ ಮುಖ ತಿರುಗಿದಾಗ ಪಟ್ಟಿ ಮುಚ್ಚಿದಳು. ಸದ್ದು ಬಾಲ್ಕನಿಯ ಕೊನೆಯ ಗೋಡೆಗೆ ತಾಗಿ ವಾಪಸು ಬಂತು. ಅದರ ಬೆನ್ನಿಗೇ ನಗು, ಮಾಡು ಹಾರಿಹೋಗುವಂಥ ನಗು. ಅಜ್ಜಿ ಹೆಮ್ಮೆಯಿಂದ ಪರದೆಯ ಸಂದಿಯಲ್ಲಿ ಕಣ್ಣಿಟ್ಟು ಮೊಮ್ಮಗಳನ್ನು ಹುಡುಕಿದಳು. ಮುಂದಿನ ಸಾಲಿನಲ್ಲಿ ಎಲ್ಲರ ಹಲ್ಲೂ ಕಾಣುತ್ತಿತ್ತು, ಅವಳೊಬ್ಬಳ ಬಾಯಿ ಮುಚ್ಚಿತ್ತು. ಒಂದು ಕೈ ಕೆನ್ನೆಯ ಮೇಲಿತ್ತು. ನೋಡುತ್ತಿದ್ದಂತೆ ಅವಳು ಎದ್ದಳು, ನಗುವವರ ಮೊಣಕಾಲುಗಳನ್ನು ದಾಟಿಕೊಂಡು, ಪರದೆ ಬೀಳುವ ಮೊದಲೇ ಹೊರಗೆ ಹೋದಳು.

ಅಜ್ಜಿ ಮನೆಗೆ ಬಂದಾಗ ಅವಳು ಮೂಲಂಗಿ ಹೆಚ್ಚುತ್ತಿದ್ದಳು. ಇಬ್ಬರ ಊಟಕ್ಕೆ ಬೇಕಾದ್ದಕ್ಕಿಂತ ತುಂಬ ಜಾಸ್ತಿ ಹೆಚ್ಚಿದ್ದಳು. ಕುತ್ತಿಗೆ ನೋವಾ, ತಲೆ ನೋವಾ, ಯಾರಾದರೂ ಏನಾದರೂ ಅಂದರಾ ಎಂದು ಅಜ್ಜಿ ಒಂದೊಂದಾಗಿ ಕೇಳಿದಳು. ಯಾವುದೂ ಅಲ್ಲ.

"ತೀರಾ ಮುಂದೆ ಕೂರಿಸಿದ್ರಲ್ಲ, ಅದಕ್ಕಾ?" ಎಂದಳು ಕೊನೆಗೆ. "ಅಲ್ಲಿ ಸದ್ದು ಮಂಕಾಗಿ ಕೇಳುತ್ತೆ. ನಾನು ಆ ಟಿಕೆಟ್ಟಿನವನಿಗೆ ಮೊದಲೇ ಹೇಳಿದ್ದೆ."

"ಸದ್ದು ಚೆನ್ನಾಗೇ ಕೇಳಿಸ್ತು ಅಜ್ಜಿ." ಮೊಮ್ಮಗಳು ಚಾಕು ಕೆಳಗಿಟ್ಟಳು. "ಅವಳು ಏನಂದಿದ್ದಕ್ಕೆ ಹೊಡೆದ, ಗೊತ್ತಾ ನಿನಗೆ?"

"ಏನೋ ಒಂದು. ಎದುರು ಮಾತಾಡಿದ್ಲು."

"ಏನು ಎದುರು ಮಾತು?"

ಅಜ್ಜಿ ಬಾಯಿ ತೆರೆದಳು. ಏನೂ ಬರಲಿಲ್ಲ. ಅವಳ ಬಾಯಿಂದ ಏನೂ ಬರದೆ ಇದ್ದದ್ದನ್ನು ಆ ಎರಡು ಕೋಣೆಗಳು ಮೊದಲ ಸಲ ಕಂಡವು. ಅದೆಷ್ಟೋ ವರ್ಷ ಆ ನಾಟಕದ ಪಕ್ಕದಲ್ಲೇ ಕೂತಿದ್ದಳು, ನಿಜ. ಆದರೆ ಅವಳು ನೋಡುತ್ತಿದ್ದದ್ದು ಒಂದು ಮೊಣಕೈ. ಏಟಿಗೆ ಮುಂಚಿನ ಮಾತೆಲ್ಲ ಅವಳಿಗೆ ರೈಲು ಬರುವ ಮುಂಚೆ ಹಳಿ ಗುಂಯ್‌ಗುಡುವ ಹಾಗೆ, ತಯಾರಾಗು ಎಂದು ಹೇಳುವ ಗಲಾಟೆ, ಅಷ್ಟೇ. ಸುಳ್ಳು ಹೇಳಿ ಪಾರಾಗೋಣ ಎಂದರೆ ಸುಳ್ಳೂ ಹೊಳೆಯಲಿಲ್ಲ.

ಮೊಮ್ಮಗಳೇ ಹೇಳಿದಳು. ನ್ಯಾಯಾಧೀಶನ ಮನೆಯ ಬೆಳ್ಳಿ ದೀಪ ಕಾಣೆಯಾಗಿದೆ. ಮನೆಯ ಆಳೇ ಕದ್ದಿದ್ದಾನೆ ಎಂದು ಮನೆಯ ಪಡಸಾಲೆಯಲ್ಲೇ ಸಭೆ ಕೂಡಿಸಿ ಅವನಿಗೆ ಸೆರೆಮನೆಯ ಶಿಕ್ಷೆ ಕೊಡುವಾಗ ಹೆಂಡತಿ ಎದ್ದು ನಿಂತು, ದೀಪ ಕಳುವಾಗಿಲ್ಲ, ನೀವೇ ಅಟ್ಟದ ಮೇಲಿಟ್ಟು ಮರೆತಿದ್ದೀರಿ ಎನ್ನುತ್ತಾಳೆ. ಅದಕ್ಕೆ ಏಟು. ಆಮೇಲಿನದನ್ನು ಮೊಮ್ಮಗಳು ಬಾಗಿಲ ಹತ್ತಿರ ನಿಂತು ನೋಡಿದ್ದಳು: ದೀಪ ಅಟ್ಟದಲ್ಲೇ ಸಿಗುತ್ತದೆ. ನ್ಯಾಯಾಧೀಶ ಅದನ್ನು ಎತ್ತಿ ಹಿಡಿದು, ನೋಡಿದಿರಾ, ಒಂದೇ ಏಟಿಗೆ ಕಳೆದ ದೀಪ ಸಿಕ್ಕಿತು ಎನ್ನುತ್ತಾನೆ. ಹೆಂಡತಿ ಅವನ ಕಾಲಿಗೆ ಬಿದ್ದು, ನಿಮ್ಮ ಕೈ ಬಿದ್ದ ಮೇಲೇ ನನ್ನ ಕಣ್ಣು ತೆರೆಯಿತು ಎನ್ನುತ್ತಾಳೆ.

"ಅವಳು ಹೇಳಿದ್ದು ಸರಿ ಇತ್ತಲ್ಲ ಅಜ್ಜಿ," ಎಂದಳು ಮೊಮ್ಮಗಳು. "ಸರಿ ಹೇಳಿದ್ದಕ್ಕೇ ಹೊಡೆಸಿಕೊಂಡ್ಲು. ನನ್ನ ಪಕ್ಕ ಕೂತಿದ್ದ ಹೆಂಗಸು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ನನಗೂ ಕಣ್ಣಲ್ಲಿ ನೀರು ಬಂತು. ಇವಳೂ ನಗ್ತಿದ್ದಾಳೆ ಅಂದ್ಕೊಂಡು ನನ್ನ ತೊಡೆ ಮೇಲೆ ಒಂದು ತಟ್ಟಿದ್ಲು."

ಹಳೆಯ ಕಾಲದ ನಾಟಕ, ಆಗಿನವರು ಹಾಗಿದ್ದರು, ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಅಜ್ಜಿ ಹೇಳಿದಳು. ಮ್ಯಾನೇಜರು ಪೇಪರಿನವರಿಗೆ ಹೇಳುತ್ತಿದ್ದ ಮಾತೇ ಅದು. ಮೊಮ್ಮಗಳು ಅಲ್ಲವೆಂದು ತಲೆಯಾಡಿಸಿದಳು. ಬರೆದವನು ಸತ್ತು ಮಣ್ಣಾಗಿದ್ದಾನೆ, ಅವನ ಮೇಲೆ ತನಗೆ ಸಿಟ್ಟಿಲ್ಲ. ನಕ್ಕವರು ಯಾರೂ ಹಳೆಯ ಕಾಲದವರಾಗಿರಲಿಲ್ಲ ಎಂದಳು. ಚಾಕುವನ್ನು ಮತ್ತೆ ಕೈಗೆತ್ತಿಕೊಂಡು ಅಂದಳು:

"ಕೆಲಸ ಬಿಡು ಅಂತ ನಾನು ಹೇಳ್ತಿಲ್ಲ ಅಜ್ಜಿ. ಆ ಸದ್ದು ನಿನ್ನ ಕೈಯಿಂದ ಬಂತಲ್ಲ, ಅದಕ್ಕೇ ಇಷ್ಟು ಸಂಕಟ. ಇನ್ನು ಮೇಲೆ ಅಲ್ಲಿಗೆ ನನ್ನನ್ನ ಕರೀಬೇಡ, ಅಷ್ಟೇ."

ಆ ದಿನ ಊಟಕ್ಕೆ ಕೂತಾಗ ಇವತ್ತೇನಾಯ್ತು ಎಂದು ಅವಳು ಕೇಳಲಿಲ್ಲ. ಆಗಿದ್ದೆಲ್ಲ ಇಬ್ಬರಿಗೂ ಗೊತ್ತೇ ಇತ್ತು, ಅದಕ್ಕೇ ಇರಬೇಕು ಎಂದುಕೊಂಡಳು ಅಜ್ಜಿ.

ಮರುದಿನ ಭಾನುವಾರ ಅವಳು ಸ್ಟೂಲಿನ ಮೇಲೆ ಕೂತು ಮೊದಲ ಸಲ ನಾಟಕ ಕೇಳಿದಳು. ಕಿವಿಗೆ ಹೊಸದಾಗಿ ತೂತು ಹಾಕಿಸಿಕೊಂಡವರ ಹಾಗೆ ಒಂದೊಂದು ಮಾತೂ ಒಳಗೆ ಇಳಿಯಿತು. ಹೆಂಡತಿಯ ಪಾತ್ರದವಳು ಈ ವರ್ಷ ಹೊಸಬಳು, ಸಣಕಲಿ, ಧ್ವನಿ ಮಾತ್ರ ಗಂಟೆಯಂಥದ್ದು. ಮೊದಲ ಅಂಕದಿಂದಲೂ ಅವಳು ಹೇಳಿದ್ದೆಲ್ಲ ಸರಿಯೇ ಇತ್ತು. ಹಾಲು ಉಕ್ಕುತ್ತಿದೆ ಎಂದಳು, ಉಕ್ಕಿತು. ಆ ಸ್ನೇಹಿತನನ್ನು ನಂಬಬೇಡಿ ಎಂದಳು, ಅವನು ಮೋಸ ಮಾಡಿದ. ಪ್ರತಿ ಸಲವೂ ಜನ ನಕ್ಕರು. ಕೊನೆಯಲ್ಲಿ ಅವಳು ಸಭೆಯ ನಡುವೆ ಎದ್ದು, "ದೀಪ ನಮ್ಮ ಅಟ್ಟದ ಮೇಲಿದೆ. ಈ ಆಳಿನ ತಪ್ಪಿಲ್ಲ," ಎಂದಾಗ ಅಜ್ಜಿಗೆ, ಹೌದಲ್ಲ, ಯಾರಾದರೂ ಹತ್ತಿ ನೋಡಬಾರದೇ ಎನ್ನಿಸಿತು. ಅಷ್ಟರಲ್ಲಿ ಮೊಣಕೈ ಮೇಲೆದ್ದಿತು. ಅಜ್ಜಿ ಏನೂ ಮಾಡಲಿಲ್ಲ. ಅವಳ ಕೈ ಮಾಡಿತು. ಫಟ್.

ಎಂದಿನ ಸದ್ದೇ. ಆದರೆ ಅಂದು ಅದು ಪಟ್ಟಿಯಿಂದ ಬಂದಂತೆ ಕೇಳಲಿಲ್ಲ. ಗೋಡೆಯ ಆಚೆಯಿಂದ ಬಂದಂತೆ ಕೇಳಿತು.

ಗಂಡ ಆ ಪಟ್ಟಿ ಮಾಡಿದ ದಿನ ಅವಳಿಗೆ ನೆನಪಿತ್ತು. ಮೊದಲು ಮಾಡಿದ್ದನ್ನು ಅವನು ಅವಳ ಮುಂದೆ ಬಡಿದು ತೋರಿಸಿದಾಗ, ಇದು ಬಾಗಿಲು ಬಡಿದ ಹಾಗಿದೆ, ಕೆನ್ನೆ ಹೀಗೆ ಸದ್ದು ಮಾಡಲ್ಲ ಎಂದಿದ್ದಳು. ಅವನು ಮರ ಕೆತ್ತಿದ. ಇಲ್ಲ, ಇನ್ನೂ ತೆಳು ಎಂದಳು. ಒಳಮೈಗೆ ಚರ್ಮ ಅಂಟಿಸಿದ. ಈಗ ದಪ್ಪಗಾಯಿತು ಎಂದಳು. ಚರ್ಮದ ಅಂಚು ಕತ್ತರಿಸಿ ಮತ್ತೆ ಬಡಿದಾಗ ಅವಳು ಬೆಚ್ಚಿಬಿದ್ದು, ಇದೇ ಎಂದಳು. ನಿನಗೆ ಹೇಗೆ ಗೊತ್ತು ಎಂದು ಅವನು ಕೇಳಿದ. ಅವನು ಒಂದು ದಿನವೂ ಅವಳ ಮೇಲೆ ಕೈ ಎತ್ತಿದವನಲ್ಲ. ಕಿವಿ ಇದೆಯಲ್ಲ ಎಂದು ನಕ್ಕುಬಿಟ್ಟಿದ್ದಳು.

ಮದುವೆಗೆ ಮುಂಚೆ ಅವಳು ಒಂದಷ್ಟು ಕಾಲ ಅಕ್ಕನ ಮನೆಯಲ್ಲಿದ್ದಳು. ಅಕ್ಕ ಭಾವನ ಕೋಣೆಗೂ ಅವಳ ಹಾಸಿಗೆಗೂ ನಡುವೆ ಒಂದೇ ಗೋಡೆ. ಅಕ್ಕ ಏನೋ ಹೇಳುತ್ತಿದ್ದಳು, ಮೆಲ್ಲಗೆ. ಆಮೇಲೆ ಆ ಸದ್ದು. ಆಮೇಲೆ ಏನೂ ಇಲ್ಲ. ಸದ್ದು ಅವಳ ಕಿವಿಯಲ್ಲಿ ಅಚ್ಚೊತ್ತಿದಂತೆ ಉಳಿದಿತ್ತು. ಅಕ್ಕ ಏನು ಹೇಳುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಲು ಹೊರಟರೆ ಒಂದು ಮಾತೂ ಸಿಗಲಿಲ್ಲ. ಅಕ್ಕ ಸತ್ತು ಎಷ್ಟೋ ಕಾಲವಾಗಿತ್ತು. ಈಗ ಕೇಳುವುದಕ್ಕೂ ಯಾರೂ ಇರಲಿಲ್ಲ. ಪರದೆಯ ಆಚೆ ಜನ ಇನ್ನೂ ನಗುತ್ತಿದ್ದರು. ಅಜ್ಜಿ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಬಿಸಿಯಾಗಿದೆಯೇನೋ ಎಂಬಂತೆ ಸೆರಗಿನಿಂದ ಮುಟ್ಟಿದಳು.

ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದಳು. ನ್ಯಾಯಾಧೀಶ ಗಡ್ಡ ಕಿತ್ತು ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಹೊರಗೆ ಅವನು ಇರುವೆಗೂ ದಾರಿ ಬಿಡುವಂಥವನು. ನಟಿ ಕನ್ನಡಿಯ ಮುಂದೆ ಕೂತು ಬಣ್ಣ ಒರೆಸುತ್ತಿದ್ದಳು.

"ನಿನಗೆ ಯಾವತ್ತಾದ್ರೂ ತಾಗಿದೆಯೇನಮ್ಮಾ?" ಎಂದು ಅಜ್ಜಿ ಕೇಳಿದಳು.

"ಅವರ ಕೈ ನನ್ನ ಹತ್ರನೂ ಬರಲ್ಲ ಅಜ್ಜಿ. ಅಷ್ಟು ಜಾಗ್ರತೆ ಅವರು," ಎಂದಳು ನಟಿ. ಎಡಗೆನ್ನೆಯನ್ನು ಒರೆಸಿದ್ದೇ ಒರೆಸಿದಳು. "ಜನ ನಗ್ತಾರಲ್ಲ, ಆವಾಗ ಇಲ್ಲಿ ಸುಡುತ್ತೆ. ಯಾಕೋ ಗೊತ್ತಿಲ್ಲ. ಯಾರಿಗೂ ಹೇಳಬೇಡಿ, ಇದು ನನಗೆ ಸಿಕ್ಕಿರೋ ಮೊದಲನೇ ದೊಡ್ಡ ಪಾರ್ಟು."

ಅಜ್ಜಿ ಹೇಳಲಿಲ್ಲ. ಗುಟ್ಟು ಕಾಪಾಡುವುದರಲ್ಲಿ ತನ್ನಂಥವರು ಮೂರು ಲೋಕದಲ್ಲಿ ಇಲ್ಲ ಎಂದು ಅವಳು ಇಡೀ ಬೀದಿಗೆ ಹೇಳಿಕೊಂಡು ತಿರುಗುತ್ತಿದ್ದಳು. ಈ ಸಲ ಮಾತ್ರ ನಿಜವಾಗಿಯೂ ಯಾರಿಗೂ ಹೇಳಲಿಲ್ಲ.

ಆ ವಾರ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಮೊಮ್ಮಗಳು ಎಂದಿನಂತೆ ಅಜ್ಜಿಯ ಮಂಡಿಗೆ ಎಣ್ಣೆ ಹಚ್ಚಿದಳು, ನೀರು ಕಾಯಿಸಿದಳು, ಬಾಗಿಲ ಚಿಲಕ ಹಾಕಿದೆಯಾ ಎಂದು ಎರಡು ಸಲ ನೋಡಿದಳು. ಊಟದ ಹೊತ್ತಿಗೆ ಅಂಗಡಿಗೆ ಬಂದ ಒಬ್ಬ ಮುದುಕ ಹೊಸ ಕನ್ನಡಕ ಹಾಕಿಕೊಂಡು ಹೆಂಡತಿಯನ್ನು ನೋಡಿ, ಇವಳು ಯಾರು ಎಂದು ಕೇಳಿದ ಕಥೆಯನ್ನೂ ಹೇಳಿದಳು. ಆದರೆ ಆ ಒಂದು ಪ್ರಶ್ನೆ ಅವಳ ಬಾಯಿಂದ ಬರಲಿಲ್ಲ. ಅಜ್ಜಿ ತಾನಾಗಿ ಶುರು ಮಾಡಿದರೆ ಅವಳು ಕೇಳಿಸಿಕೊಂಡು ಹೂಂ ಎನ್ನುತ್ತಿದ್ದಳು. ಕೇಳದೆ ಹೇಳಿದ ಕಥೆಗೆ ಉಪ್ಪಿಲ್ಲ. ನಾಲ್ಕು ಮಾತಿಗೇ ಅಜ್ಜಿ ನಿಲ್ಲಿಸಿ ತಟ್ಟೆ ತೊಳೆಯಲು ಏಳುತ್ತಿದ್ದಳು.

ಮಲಗಿದಲ್ಲಿ ಅವಳು ಲೆಕ್ಕ ಹಾಕಿ ನೋಡಿದಳು. ಪಟ್ಟಿ ಕೆಳಗಿಟ್ಟರೆ ಸ್ಟೂಲು ಹೋಗುತ್ತದೆ. ಸ್ಟೂಲು ಹೋದರೆ ಬಣ್ಣದ ಕೋಣೆಯ ಹರಟೆ, ಮೂರನೇ ಬೆಲ್ಲು, ಪರದೆ ಏಳುವಾಗ ಮುಖಕ್ಕೆ ಬೀಸುವ ಆ ಗಾಳಿ, ಸದ್ದಿನಜ್ಜಿ ಬಂದ್ಲು ದಾರಿ ಬಿಡಿ ಎನ್ನುವ ಕಾವಲಿನವನು, ಎಲ್ಲ ಹೋಗುತ್ತದೆ. ಉಳಿಯುವುದು ಇಸ್ತ್ರಿ ಅಂಗಡಿಯ ಮೇಲೆ ಒಬ್ಬ ಮುದುಕಿ. ಅಂಥವರು ಊರ ತುಂಬ ಇದ್ದರು. ಪಟ್ಟಿ ಹಿಡಿದುಕೊಂಡರೆ ಎಲ್ಲವೂ ಇರುತ್ತದೆ, ಊಟದ ಹೊತ್ತಿನ ಆ ಹುಡುಗಿಯ ಪ್ರಶ್ನೆ ಒಂದನ್ನು ಬಿಟ್ಟು. ಎರಡೂ ಕೈಯಲ್ಲಿ ಒಂದೊಂದನ್ನು ಇಟ್ಟು ತೂಗಿದಳು. ತೂಗುತ್ತ ನಿದ್ದೆ ಹೋದಳು, ಬೆಳಗ್ಗೆ ನೋಡಿದರೆ ಎರಡೂ ಹಾಗೇ ಇದ್ದವು.

ಮುಂದಿನ ಶನಿವಾರ ಬಂತು. ಕುರ್ಚಿಗಳೆಲ್ಲ ತುಂಬಿ ಹಿಂದೆ ನಿಂತವರೂ ಇದ್ದರು. ಮ್ಯಾನೇಜರು ಖುಷಿಯಿಂದ ಅಜ್ಜಿಗೆ ಚಹಾ ತರಿಸಿಕೊಟ್ಟು, ಕೈ ಹೇಗಿದೆ ಎಂದು ವಿಚಾರಿಸಿದ. ಅಜ್ಜಿ, ಈ ಕೈಯಲ್ಲಿ ಇವತ್ತು ಬಂಡೆ ಸೀಳಬಹುದು ಎಂದಳು. ತಾನು ಏನು ಮಾಡುತ್ತೇನೆ ಎಂದು ಆಗಲೂ ಅವಳಿಗೆ ಗೊತ್ತಿರಲಿಲ್ಲ.

ಕೊನೆಯ ಅಂಕ. ನಟಿ ಎದ್ದು ನಿಂತಳು. "ದೀಪ ನಮ್ಮ ಅಟ್ಟದ ಮೇಲಿದೆ," ಎಂದಳು, ಆ ಗಂಟೆಯ ಧ್ವನಿಯಲ್ಲಿ. ಅಜ್ಜಿ ಮೊಣಕೈಯನ್ನು ನೋಡಲಿಲ್ಲ. ಹೇಳುವವಳ ಬಾಯಿಯನ್ನು ನೋಡಿದಳು. "ಈ ಆಳಿನ ತಪ್ಪಿಲ್ಲ." ಅಂಗಿಯ ತೋಳು ಗಾಳಿಯಲ್ಲಿ ಸರ್ರೆಂದಿತು. ನಟಿಯ ಮುಖ ಅಭ್ಯಾಸದಂತೆ ಆ ಕಡೆ ತಿರುಗಿತು. ಅಜ್ಜಿಯ ಎರಡು ಕೈಗಳ ನಡುವೆ ಪಟ್ಟಿ ಬಾಯಿ ತೆರೆದುಕೊಂಡು ಹಾಗೇ ಇತ್ತು.

ಸದ್ದಾಗಲಿಲ್ಲ.

ನಗಲು ತಯಾರಾಗಿ ಉಸಿರೆಳೆದುಕೊಂಡಿದ್ದ ಜನಕ್ಕೆ ಆ ಉಸಿರನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಬಾಲ್ಕನಿಯಲ್ಲಿ ಒಬ್ಬ ಹಹ್ ಎಂದು ಶುರು ಮಾಡಿ, ತಾನೊಬ್ಬನೇ ಎಂದು ಗೊತ್ತಾಗಿ ಕೆಮ್ಮಿದ. ನ್ಯಾಯಾಧೀಶ ಕೈಯನ್ನು ಗಾಳಿಯಲ್ಲೇ ಬಿಟ್ಟುಕೊಂಡು ನಿಂತಿದ್ದ. ಏಟು ಇಲ್ಲದೆ ನೋಡಿದರೆ ಅದು ಬರೀ ಒಂದು ಎತ್ತಿದ ಕೈ. ಎದುರಿಗೆ ಒಬ್ಬ ಸಣಕಲು ಹೆಂಗಸು. ಇಬ್ಬರನ್ನೂ ಅಷ್ಟು ಜನ ನೋಡುತ್ತಿದ್ದರು, ಒಬ್ಬರೂ ಮಿಸುಕಲಿಲ್ಲ.

ನಟಿ ನಿಧಾನವಾಗಿ ಮುಖ ಈ ಕಡೆ ತಿರುಗಿಸಿದಳು. ಪರದೆಯ ಮರೆಯತ್ತ ಒಂದು ಸಲ ನೋಡಿದಳು. ಅಜ್ಜಿಯ ಕೈಯಲ್ಲಿ ತೆರೆದೇ ಇದ್ದ ಪಟ್ಟಿಯನ್ನು ಕಂಡಳು. ಆಮೇಲೆ ಕಾಲಿಗೆ ಬೀಳಬೇಕಾದವಳು ಬೀಳದೆ, ನ್ಯಾಯಾಧೀಶನ ಮುಖವನ್ನೇ ನೋಡುತ್ತ, ಮನೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು.

"ದೀಪ ನಮ್ಮ ಅಟ್ಟದ ಮೇಲಿದೆ."

ಕೊನೆಯ ಸಾಲಿನವರಿಗೂ ಕೇಳಿಸಿತು. ನ್ಯಾಯಾಧೀಶ ಕೈ ಇಳಿಸಿದ. ಒಂದೇ ಏಟಿಗೆ ಎಂದು ಶುರುವಾಗುವ ಮಾತು ಅವನಿಗೆ ಬರಬೇಕಿತ್ತು, ಏಟೇ ಇರಲಿಲ್ಲ. ಅವನು, ಹೌದಾ, ಎಂದ. ನೋಯುವ ಮೊಣಕಾಲಿನಲ್ಲಿ ಅಟ್ಟದ ಏಣಿ ಹತ್ತಿ, ದೀಪ ಎತ್ತಿಕೊಂಡು ಇಳಿದು ಬಂದು, ಎಲ್ಲಿಡುವುದೆಂದು ತಿಳಿಯದೆ ಹೆಂಡತಿಯ ಕೈಗೆ ಕೊಟ್ಟ. ಪರದೆ ಎಳೆಯುವವನು ಗಾಬರಿಯಾಗಿ ಪರದೆ ಎಳೆದುಬಿಟ್ಟ. ಅಷ್ಟೇನಾ ಎಂದು ಯಾರೋ ಕೇಳಿದ್ದು ಒಳಗೂ ಕೇಳಿತು. ಚಪ್ಪಾಳೆ ಬಂತು, ತಡವಾಗಿ, ಅಲ್ಲೊಂದು ಇಲ್ಲೊಂದು. ಯಾಕೆ ತಟ್ಟುತ್ತಿದ್ದೇವೆ ಎಂದು ಅವರಿಗೂ ಪೂರ್ತಿ ಗೊತ್ತಿದ್ದಂತಿರಲಿಲ್ಲ.

ಮ್ಯಾನೇಜರು ಪರದೆಯ ಹಿಂದೆ ಬಂದಾಗ ಅಜ್ಜಿ ಇನ್ನೂ ಸ್ಟೂಲಿನ ಮೇಲೇ ಇದ್ದಳು. ಅವನ ಮುಖ ಕೆಂಪಾಗಿತ್ತು, ಆದರೆ ಧ್ವನಿ ಏರಿಸಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಸಂಜೆಗೇ ಪೇಪರಿನವರು ಕೇಳುತ್ತಾರೆ, ದೊಡ್ಡವರು ಬರೆದ ನಾಟಕ ಕೆಡಿಸಿದಿರಿ ಎನ್ನುತ್ತಾರೆ, ತಾನು ಏನಾದರೂ ಒಂದು ಹೇಳಬೇಕಾಗುತ್ತದೆ ಎಂದ.

"ಅಜ್ಜೀ, ಕೈ ಜಾರಿ ಹಾಗಾಯ್ತಾ?" ಎಂದು ಕೇಳಿದ. "ಕೈ ಜಾರೋದು ಯಾರಿಗಾದ್ರೂ ಆಗುತ್ತೆ. ಜಾರಿತು ಅಂದ್ರೆ ಮುಗೀತು, ನಾಳೆ ಬಂದು ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ. ಬೇಕಂತಲೇ ಮಾಡಿದ್ದಾದ್ರೆ ಮಾತ್ರ ನಾಳೆಯಿಂದ ನಾನು ಆ ಪೆಟ್ಟಿಗೆಗೆ ಹೇಳ್ಬೇಕಾಗುತ್ತೆ. ಜಾರಿತು ಅಂದ್ಬಿಡಿ."

ಅಜ್ಜಿ ಅವನ ಮುಖ ನೋಡಿದಳು. ಒಳ್ಳೆಯವನು. ಉತ್ತರವನ್ನೂ ತಾನೇ ಹೇಳಿಕೊಟ್ಟಿದ್ದ, ಅವಳು ಹೂಂ ಅಂದರೆ ಸಾಕಿತ್ತು. ಹುಟ್ಟಿದಾಗಿನಿಂದ ಬೇಡದ ಕಡೆಯೆಲ್ಲ ಸುಳ್ಳು ಬೆರೆಸಿ ಮಾತಾಡಿದ ನಾಲಿಗೆಗೆ ಅದು ಭಾರವೇನೂ ಆಗುತ್ತಿರಲಿಲ್ಲ.

ಅವಳು ಮನೆ ಮುಟ್ಟಿದಾಗ ಮೊಮ್ಮಗಳು ಆಗಷ್ಟೇ ಅಂಗಡಿಯಿಂದ ಬಂದು ಮುಖ ತೊಳೆಯುತ್ತಿದ್ದಳು. ಅಜ್ಜಿ ಸೆರಗಿನಲ್ಲಿ ಬೆವರು ಒರೆಸಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಮೊಮ್ಮಗಳು ಟವೆಲ್ಲು ಹಿಡಿದು ಬಾಗಿಲಲ್ಲಿ ಬಂದು ನಿಂತು ಅವಳನ್ನೇ ನೋಡಿದಳು.

"ಇವತ್ತೇನಾಯ್ತು ಅಜ್ಜಿ?"

ಆಮೇಲೆ ಅಜ್ಜಿಯನ್ನು ತಡೆಯುವವರು ಯಾರು. ಹಿಂದೆ ನಿಂತವರಿಂದ ಶುರು ಮಾಡಿದಳು. ಎರಡು ಸಾವಿರ ಜನ ಎಂದಳು. ಆ ರಂಗಮಂದಿರದಲ್ಲಿ ಮುನ್ನೂರು ಕುರ್ಚಿಯೂ ಇರಲಿಲ್ಲ. ಎದ್ದು ನಿಂತು ನ್ಯಾಯಾಧೀಶನ ಎತ್ತಿದ ಕೈ ಮಾಡಿ ತೋರಿಸಿದಳು. ಕೆಮ್ಮಿದವನ ಕೆಮ್ಮನ್ನು ಕೆಮ್ಮಿದಳು. ನಟಿ ಮುಖ ತಿರುಗಿಸಿದ್ದನ್ನು ಮಾತ್ರ ಏನೂ ಸೇರಿಸದೆ, ಆದ ಹಾಗೇ, ಮೆಲ್ಲಗೆ ಹೇಳಿದಳು. ಮೊಮ್ಮಗಳು ಒದ್ದೆ ಟವೆಲ್ಲನ್ನು ಮಡಿಲಲ್ಲಿಟ್ಟುಕೊಂಡು ಎದುರಿಗೆ ನೆಲದ ಮೇಲೆ ಕೂತುಬಿಟ್ಟಿದ್ದಳು. ಮ್ಯಾನೇಜರು ಕುಕ್ಕರಗಾಲಲ್ಲಿ ಕೂತು ಕೇಳಿದ ತನಕ ಬಂದು ಅಜ್ಜಿ ನಿಲ್ಲಿಸಿದಳು.

"ನೀನೇನಂದೆ?" ಎಂದಳು ಮೊಮ್ಮಗಳು.

ಕೆಳಗೆ ಇಸ್ತ್ರಿಯವನು ದಿನದ ಕೊನೆಯ ಬಟ್ಟೆಗೆ ನೀರು ಚಿಮುಕಿಸುತ್ತಿದ್ದ; ಬಿಸಿ ಬಟ್ಟೆಯ ವಾಸನೆ ಕಿಟಕಿಯಿಂದ ಬರುತ್ತಿತ್ತು. ಅಜ್ಜಿ ಎರಡು ಕೈಗಳನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಮತ್ತೆ ಕುರ್ಚಿಯಲ್ಲಿ ಕೂತಳು.

"ಈ ಕೈ ಹುಟ್ಟಿದಾಗಿನಿಂದ ಜಾರಿಲ್ಲ ಅಂದೆ. ನಾಳೆ ಮಧ್ಯಾಹ್ನ ನಾನು ಎಲ್ಲಿರ್ತೀನಿ, ನೀನೇ ಹೇಳು ನೋಡೋಣ," ಎಂದು ಹೇಳಿ, ಬಾಯಿ ಮುಚ್ಚಿಕೊಂಡು ಕಾದಳು.